ಬಯಲಲ್ಲಿ ಸಿಕ್ಕಿದ್ದು

ಗಂಟ್ಲಕ್ಕ ಈಗ ಮಗಳನ್ನು ಕೂಗಿ ಕರೆಯುವುದಿಲ್ಲ. ಊಟದ ಹೊತ್ತಾದರೆ ಎದ್ದು ಹೋಗಿ ಭುಜ ಮುಟ್ಟುತ್ತಾಳೆ. ಗುಂಡಿ ಮುಚ್ಚಿದ ಮೂರನೇ ದಿನ ಎಂದಿನಂತೆ ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದ್ದಳು. ಆಡುತ್ತಿದ್ದ ಹುಡುಗಿ ಇದ್ದಲ್ಲೇ ನಿಂತುಬಿಟ್ಟಿತು. ಬರಲಿಲ್ಲ. ಹತ್ತಿರ ಹೋಗಿ ಕೇಳಿದರೆ, "ನೀನು ಕರೆದ್ರೆ ನಾನು ಬರಲ್ಲಮ್ಮ" ಅಂತು. ಒಂಬತ್ತು ವರ್ಷದ ಮಗು. ಅದಕ್ಕೆ ಹೊಡೆಯಲಿಕ್ಕೂ ಕೈ ಬರಲಿಲ್ಲ, ತಬ್ಬಿಕೊಳ್ಳಲಿಕ್ಕೂ ಕೈ ಬರಲಿಲ್ಲ.

ಆ ಅಡ್ಡಹೆಸರು ಅವಳಿಗೆ ಬಂದದ್ದು ಗಂಟಲಿನಿಂದಲೇ. ಪಟ್ಟಣದ ಕಸ ಬೀಳುವ ಬಯಲಿಗೂ ಕಾಲುವೆಗೂ ನಡುವೆ ಅವರ ಕೇರಿ. ನಲವತ್ಮೂರು ಮನೆ. ಗಂಡಸರು ಚರಂಡಿಗೆ ಇಳಿಯುವವರು. ಹೆಂಗಸರು ಮುಸುರೆ ಗಾಡಿ ತಳ್ಳುವವರು. ಹಾಸ್ಟೆಲು, ಹೋಟೆಲು, ಆಸ್ಪತ್ರೆಯ ಅಡುಗೆಮನೆ ಸುತ್ತಿ ಜನ ತಟ್ಟೆಯಲ್ಲಿ ಬಿಟ್ಟದ್ದನ್ನು ಡ್ರಮ್ಮಿಗೆ ತುಂಬಿ ತರುತ್ತಿದ್ದರು. ಒಬ್ಬರು ತಂದದ್ದು ಒಂದು ಮನೆಯ ಹಂದಿಗೂ ಸಾಲುತ್ತಿರಲಿಲ್ಲ. ಅದಕ್ಕೇ ಕೇರಿಗೆಲ್ಲ ಒಂದೇ ಬಾನಿ. ಎಲ್ಲರೂ ತಂದು ಅದಕ್ಕೇ ಸುರಿಯಬೇಕು, ಎಲ್ಲರ ಹಂದಿಯೂ ಅದರಲ್ಲೇ ತಿನ್ನಬೇಕು. ಹಗಲೆಲ್ಲ ಅವು ಬಯಲಲ್ಲಿ, ಕಾಲುವೆ ದಂಡೆಯಲ್ಲಿ ಅಲೆದುಕೊಂಡಿರುತ್ತಿದ್ದವು. ಸಂಜೆ ಐದಕ್ಕೆ ಒಂದು ಕರೆ. ಆ ಒಂದು ಕರೆಗೆ ಇನ್ನೂರರ ಹತ್ತಿರ ಹಂದಿ ಬಾನಿಯ ಸುತ್ತ ಬಂದು ಸೇರುತ್ತಿದ್ದವು. ತಿಂದಾದ ಮೇಲೆ ತಂತಮ್ಮ ಅಂಗಳಕ್ಕೆ ತಾವೇ ಹೋಗಿ ಮಲಗುತ್ತಿದ್ದವು. ಯಾರ ಹಂದಿ ಯಾರದು ಅಂತ ಒಂದು ದಿನವೂ ಜಗಳ ಆದದ್ದಿಲ್ಲ.

ಮೊದಲು ಅತ್ತೆ ಕರೆಯುತ್ತಿದ್ದಳು. ಅವಳಿಗೆ ದಮ್ಮು ಹತ್ತಿದ ಮೇಲೆ ಆ ಕೆಲಸ ಸೊಸೆಗೆ ಬಂತು. "ಹೂಯ್... ಉರ್ ಉರ್ ಉರ್..." ಮೊದಲಿನ ಹೂಯ್ ಹೊಟ್ಟೆಯಿಂದ ಏಳಬೇಕು. ಉಳಿದದ್ದು ನಾಲಿಗೆ ಮೇಲೆ ಉರುಳಬೇಕು. ಗಾಳಿ ಅತ್ತ ಬೀಸಿದರೆ ಕಾಲುವೆಯ ಆಚೆ ಕಲ್ಲು ಒಡೆಯುವವರ ಕೇರಿಗೂ ಕೇಳುತ್ತಿತ್ತು. ಮರಿಯಿದ್ದಾಗ ಇಲ್ಲಿಂದ ಕೊಂಡುಹೋದ ಹಂದಿಗಳು ಅಲ್ಲಿ ಮೇವು ಬಿಟ್ಟು ಕಿವಿ ನಿಮಿರಿಸಿ ನಿಲ್ಲುತ್ತಿದ್ದವಂತೆ.

ಚರಂಡಿ ಗುಂಪಿನ ಮೇಸ್ತ್ರಿ ತಮಾಷೆಗೆ, "ಏನಮ್ಮ, ನಿನ್ ಸೊಸೆ ಗಂಟ್ಲಲ್ಲಿ ಮೈಕು ಇಟ್ಕೊಂಡೇ ಹುಟ್ಟಿದ್ಲಾ?" ಅಂದರೆ ಅತ್ತೆ ಬಿಡುತ್ತಿರಲಿಲ್ಲ. "ನಿನ್ ಹೆಂಡ್ತಿ ಕರೆದ್ರೆ ನೀನು ಬರಲ್ಲ. ನನ್ ಸೊಸೆ ಕರೆದ್ರೆ ಹಂದಿ ಬರ್ತವೆ. ಯಾರಿಗಪ್ಪಾ ಬುದ್ಧಿ ಜಾಸ್ತಿ?"

ಕರೆಯುವ ಕೆಲಸ ಒಪ್ಪಿಸುವಾಗ ಅತ್ತೆ ಹೇಳಿದ್ದು ಒಂದೇ ಮಾತು. ಬಾನಿ ಖಾಲಿ ಇದ್ದಾಗ ಕರೆಯಕೂಡದು. ಮುಸುರೆ ಸಿಗದ ದಿನ ಬಾಯಿ ಮುಚ್ಚಿಕೊಂಡಿರಬೇಕು. ಸೊಸೆ ಹತ್ತು ವರ್ಷ ಹಾಗೇ ನಡೆದುಕೊಂಡಳು.

ಕಾಯಿಲೆ ಮೊದಲು ಬಂದದ್ದು ಹೆದ್ದಾರಿ ಬದಿಯ ದೊಡ್ಡ ಫಾರಮ್ಮಿಗೆ. ಆ ಫಾರಮ್ಮಿನ ಲಾರಿ ಎರಡು ದಿನ ಬೆಳಿಗ್ಗೆ ಬಯಲಿಗೆ ಬಂದು ಏನನ್ನೋ ಸುರಿದು ಹೋಯಿತು. ಕಾಯಿಲೆ ಅದರಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾಗದು. ಆದರೆ ಲಾರಿ ನೋಡಿದವರು ಐದು ಜನ ಇದ್ದರು, ಅವರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ವಾರದೊಳಗೆ ಕೇರಿಯ ಹಂದಿಗಳಿಗೆ ಕಿವಿ ನೀಲಿಗಟ್ಟಿತು. ಹೊಟ್ಟೆಯ ಚರ್ಮ ಕೆಂಪಾಯಿತು. ಹಿಂಗಾಲು ಎಳೆದುಕೊಂಡು ಬಂದು ಅಂಗಳದಲ್ಲಿ ಬಿದ್ದು ಸತ್ತವು.

ಆಮೇಲೆ ಜೀಪು ಬಂತು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ತುರ್ತು ನಿಧಿ ಅಂತ ಬರೆದಿತ್ತು. ಇಳಿದವರು ಇಬ್ಬರು. ನಿಧಿಯ ಸಾಹೇಬರು, ಮತ್ತು ಪಶು ಆಸ್ಪತ್ರೆಯ ಡಾಕ್ಟ್ರಮ್ಮ. ಸಾಹೇಬರು ನಲ್ಲಿ ಕಟ್ಟೆಯ ಮೇಲೆ ನಿಂತು ಮಾತಾಡಿದರು. ಕೂರಲು ಕುರ್ಚಿ ತಂದಿಟ್ಟಿದ್ದರು, ಕೂರಲಿಲ್ಲ.

"ಬೆಳೆಗೆ, ಪ್ರಾಣಿಗಳಿಗೆ, ಜನರ ಊಟಕ್ಕೆ ಇದ್ದಕ್ಕಿದ್ದಂಗೆ ಆಪತ್ತು ಬಂದ್ರೆ ತಕ್ಷಣ ಖರ್ಚು ಮಾಡೋಕೆ ಅಂತ್ಲೇ ಇಟ್ಟಿರೋ ದುಡ್ಡು ಇದು. ಎಪ್ಪತ್ತೆರಡು ಗಂಟೇಲಿ ಕೆಲಸ ಮುಗೀಬೇಕು. ತಾನಾಗೇ ಸತ್ತಿದ್ದಕ್ಕೆ ಏನೂ ಇಲ್ಲ. ನಾವು ಕೊಂದಿದ್ದಕ್ಕೆ ಪೂರ್ತಿ ಬೆಲೆ. ಹದಿನೈದು ದಿನದಲ್ಲಿ ನಿಮ್ ಕೈಗೆ."

"ಔಷಧಿ ಇಲ್ವಾ?" ಗಂಟ್ಲಕ್ಕ ಕೇಳಿದಳು.

"ಇಲ್ಲ ಕಣಮ್ಮ" ಅಂದರು ಡಾಕ್ಟ್ರಮ್ಮ. "ಇದ್ದಿದ್ರೆ ನಾನು ಇಲ್ಲಿ ಹಿಂಗೆ ನಿಂತಿರ್ತಿರಲಿಲ್ಲ."

ಆಕೆ ಸುಳ್ಳು ಹೇಳುವವರಂತೆ ಕಾಣಲಿಲ್ಲ. ಕೇರಿ ಒಪ್ಪಿತು.

ಮೊದಲ ದಿನ ಬಿಳಿ ಉಡುಪು ತೊಟ್ಟ ಹನ್ನೆರಡು ಜನ ಬಲೆ ಹಿಡಿದು ಓಡಾಡಿದರು. ಹಂದಿ ಅಂದರೆ ಕುರಿಯಲ್ಲ. ಅದರ ಹಿಂದೆ ಓಡಿದವನು ಕೆಸರಿಗೆ ಬೀಳುತ್ತಾನೆ. ಒಬ್ಬ ಕಾಲುವೆಗೇ ಬಿದ್ದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಂಜೆಯ ಹೊತ್ತಿಗೆ ಅಂಗಳಗಳಲ್ಲಿ ಮಲಗಿದ್ದ ಏಳು ಹಂದಿ ಸಿಕ್ಕಿದ್ದವು. ಅಷ್ಟೇ. ಸಾಹೇಬರು ಗಡಿಯಾರ ನೋಡುತ್ತಿದ್ದರು. ಬೆದರಿದ ಮಿಕ್ಕ ಹಂದಿಗಳು ಆ ರಾತ್ರಿ ಅಂಗಳಕ್ಕೂ ಬರಲಿಲ್ಲ.

ಮಾರನೇ ಬೆಳಿಗ್ಗೆ ಮೇಸ್ತ್ರಿ, ತನ್ನ ಮನೆಯ ಒಡವೆ ತೋರಿಸುವವನ ಹಾಗೆ, "ಇದಕ್ಕೆಲ್ಲ ಬಲೆ ಯಾಕೆ ಸಾಹೇಬ್ರೇ, ನಮ್ ಗಂಟ್ಲಕ್ಕ ಒಂದು ಕೂಗು ಹಾಕಿದ್ರೆ ಮುಗೀತು" ಅಂದ.

ಆಗ ಬೆಳಿಗ್ಗೆ ಹನ್ನೊಂದು. ಕಾಯಿಲೆಯ ಊರು ಅಂತ ಮುಸುರೆ ಗಾಡಿಗಳನ್ನು ಪಟ್ಟಣಕ್ಕೆ ಬಿಟ್ಟಿರಲಿಲ್ಲ. ಗಂಟ್ಲಕ್ಕ ಬಾನಿಯ ಹತ್ತಿರ ಹೋಗಿ ನೋಡಿದಳು. ತಳ ಒಣಗಿ ಬಿರುಕು ಕಾಣುತ್ತಿತ್ತು.

"ಬಾನಿ ಖಾಲಿ ಇದೆ ಸಾಹೇಬ್ರೇ."

"ಇರ್ಲಿ ಬಿಡು. ತಿಂದ್ರೆ ಇನ್ನೂ ಭಾರ ಆಗ್ತವೆ, ಎತ್ತಿ ಹಾಕೋರಿಗೆ ಕಷ್ಟ."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಗೋಡೆಯ ಕಡೆ ತಿರುಗಿ ಕೂತಿದ್ದಳು. ಗಂಡನ ಕಡೆ ನೋಡಿದಳು. ಗಂಡನ ಕೈಗೆ ಆಗಲೇ ಯಾರೋ ಕಬ್ಬಿಣದ ರಾಡು ಕೊಟ್ಟಿದ್ದರು. ದಿನಗೂಲಿಯ ಕೆಲಸ. ಕೇರಿಯ ಗಂಡಸರೆಲ್ಲ ಸಾಲಾಗಿ ನಿಂತಿದ್ದರು.

ಅವಳು ಬಾನಿಯ ಪಕ್ಕ ಬಯಲಲ್ಲಿದ್ದ ಸಿಮೆಂಟು ಪೈಪಿನ ಮೇಲೆ ಹತ್ತಿ ಕರೆದಳು.

ಬಂದವು. ಹೊತ್ತಲ್ಲದ ಹೊತ್ತಿನಲ್ಲಿ ಕರೆದಿದ್ದಾಳೆ ಅಂತ ಅವು ಯೋಚಿಸಲಿಲ್ಲ. ಕಸದ ಗುಡ್ಡೆಯಿಂದ ಇಳಿದು ಬಂದವು. ಕಾಲುವೆಯಿಂದ ಮೈ ಒದ್ದೆಯಾಗಿ ಬಂದವು. ಹಾಲೂಡುವ ಹಂದಿಗಳು ಮರಿಗಳನ್ನು ಹಿಂದೆ ಕಟ್ಟಿಕೊಂಡು ಬಂದವು. ಬಂದು ಬಾನಿಗೆ ಮೂತಿ ಹಾಕಿದವು. ಏನೂ ಇರಲಿಲ್ಲ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದವು. ಹಂದಿಯ ಕಣ್ಣು ಚಿಕ್ಕದು, ಅದರಲ್ಲಿ ಏನಿದೆ ಅಂತ ಹೇಳುವುದು ಕಷ್ಟ. ಹಾಗಂತ ಅವಳೇ ತನಗೆ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಅದರಿಂದ ಏನೂ ಉಪಯೋಗ ಆಗಿಲ್ಲ.

ಬಲೆ ಮುಚ್ಚಿತು. ಜೆಸಿಬಿ ಅಗೆದಿಟ್ಟ ಗುಂಡಿ ಅಲ್ಲೇ ಇತ್ತು. ಕೊಲ್ಲುವ ಚುಚ್ಚುಮದ್ದು ನಲವತ್ತಕ್ಕೆ ಮುಗಿಯಿತು. ಮಿಕ್ಕದ್ದಕ್ಕೆ ರಾಡು. ಹೊಡೆಯುವವನ ತೋಳು ಹತ್ತು ಹಂದಿಗೆ ಸೋಲುತ್ತದೆ. ಆಮೇಲೆ ಏಟು ಬೀಳಬೇಕಾದಲ್ಲಿ ಬೀಳುವುದಿಲ್ಲ. ಇಬ್ಬರು ಕಾಲು ಹಿಡಿದು ಎಳೆದು ಗುಂಡಿಗೆ ಉರುಳಿಸಿದರು. ಮೇಲೆ ಸುಣ್ಣ. ಆಫೀಸಿನವರಿಗೆ ಬೂಟು ಇತ್ತು. ಕೇರಿಯವರು ಬರಿಗಾಲಲ್ಲಿ ಸುಣ್ಣದ ಮೇಲೆ ನಿಂತು ಎಳೆದರು. ಕೆಳಗಿನಿಂದ ದನಿ ಪೂರ್ತಿ ನಿಲ್ಲುವ ಮೊದಲೇ ಮಣ್ಣು ತಳ್ಳಿಬಿಟ್ಟರು. ಎಪ್ಪತ್ತೆರಡು ಗಂಟೆಗೆ ಇನ್ನೂ ಒಂದು ದಿನ ಬಾಕಿ ಇತ್ತು. ಸಾಹೇಬರು ಗುಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಆವತ್ತಿನಿಂದ ಸಂಜೆ ಐದಾದರೆ ಗಂಟ್ಲಕ್ಕನ ಕಾಲು ತಾನಾಗೇ ಬಾಗಿಲಿಗೆ ಬರುತ್ತದೆ. ಹೂಯ್ ಅನ್ನುವುದು ಹೊಟ್ಟೆಯಿಂದ ಎದ್ದು ಕೊರಳವರೆಗೆ ಬಂದು ನಿಲ್ಲುತ್ತದೆ. ಹಲ್ಲು ಕಚ್ಚಿ ನುಂಗುತ್ತಾಳೆ. ಗುಂಡಿಯ ಮೇಲಿನ ಮಣ್ಣು ಎರಡನೇ ವಾರ ಉಬ್ಬಿಕೊಂಡಿತು. ನಾಲ್ಕನೇ ವಾರ ಕುಸಿಯಿತು. ಬಿರುಕಿನಲ್ಲಿ ಕಪ್ಪು ನೀರು ಬಂತು, ನೊಣ ಬಂತು. ಮಣ್ಣು ಉಬ್ಬಿದಾಗ ಒಳಗಿನಿಂದ ಏನೋ ದನಿ ಬರುತ್ತಿತ್ತು. ಅದು ಗಾಳಿ ಹೊರಡುವ ಸದ್ದು ಅಂತ ಡಾಕ್ಟ್ರಮ್ಮ ಆಮೇಲೆ ಹೇಳಿದರು. ಇರಬಹುದು. ಅತ್ತೆ ಅದರ ಕಡೆ ಮುಖ ಮಾಡಿಕೊಂಡೇ ಹೊಸ್ತಿಲಲ್ಲಿ ಕೂರುತ್ತಿದ್ದಳು.

"ಐದಾಯ್ತೇನೇ?"

"ಆಯ್ತು ಅತ್ತೆ."

"ಹಸ್ದಿರ್ತವೆ."

ಸೊಸೆ ಒಳಗೆ ಹೋಗಿಬಿಡುತ್ತಿದ್ದಳು.

ಗಂಡನ ಹಿಮ್ಮಡಿ ಸುಣ್ಣಕ್ಕೆ ಬೆಂದು ಒಡೆದಿತ್ತು. ಎಣ್ಣೆ ಹಚ್ಚಲು ಹೋದರೆ ಕಾಲು ಎಳೆದುಕೊಳ್ಳುತ್ತಿದ್ದ. "ಇರ್ಲಿ ಬಿಡು, ಅದು ಹಂಗೇ ಇರ್ಲಿ" ಅನ್ನುತ್ತಿದ್ದ. ಚರಂಡಿಗೆ ಇಳಿಯುವಾಗ ಆ ಬಿರುಕಿಗೆ ನೀರು ಸೇರಿ ಬಾತುಕೊಂಡಿತು. ಅವನು ಜ್ವರದಲ್ಲಿ ಮಲಗಿದ. ಹೊಟ್ಟೆ ಹೊರೆಯುತ್ತಿದ್ದ ಹಂದಿ ಇಲ್ಲ, ಮುಸುರೆ ಗಾಡಿಗೆ ಕೆಲಸವಿಲ್ಲ, ಚರಂಡಿ ಕೂಲಿಯೂ ನಿಂತಿತು.

ಹದಿನೈದು ದಿನ ಕಳೆದು ಮತ್ತೆ ಹದಿನೈದು ದಿನ ಕಳೆಯಿತು. ಪರಿಹಾರದ ಪಟ್ಟಿ ಬಂದಿದೆ ಅಂತ ಸುದ್ದಿ ಸಿಕ್ಕಿ ಗಂಟ್ಲಕ್ಕ, ಮೇಸ್ತ್ರಿ, ಇನ್ನೂ ನಾಲ್ಕು ಜನ ನಿಧಿಯ ಆಫೀಸಿಗೆ ಹೋದರು. ಗೇಟಿನಲ್ಲಿ ಕಾವಲುಗಾರ ತಡೆದ. "ಹಂದಿಕೇರಿಯೋರಾ? ನಿಂತ್ಕೊಳ್ಳಿ." ಪಂಪು ತಂದು ತಲೆಯಿಂದ ಕಾಲಿನವರೆಗೆ ಮದ್ದಿನ ನೀರು ಹೊಡೆದ. ಕಣ್ಣಿಗೂ ಬಿತ್ತು. ಸೀರೆ ಮೈಗೆ ಅಂಟಿಕೊಂಡಿತು. ಆಫೀಸಿನ ಗುಮಾಸ್ತರು ಕಿಟಕಿಯಲ್ಲಿ ನಿಂತು ನೋಡಿದರು. ಅಷ್ಟರಲ್ಲಿ ಒಂದು ಕಾರು ಬಂತು. ಫಾರಮ್ಮಿನ ಯಜಮಾನ ಇಳಿದು ಹಾಗೇ ಒಳಗೆ ನಡೆದ. ಕಾವಲುಗಾರ ಅವನಿಗೆ ಬಾಗಿಲು ತೆರೆದ. ಪಂಪು ಕಾವಲುಗಾರನ ಇನ್ನೊಂದು ಕೈಯಲ್ಲೇ ಇತ್ತು.

ಪಟ್ಟಿಯನ್ನು ಡಾಕ್ಟ್ರಮ್ಮ ಓದಿ ಹೇಳಿದರು. ಮೆಲ್ಲಗೆ ಓದಿದರು. ಫಾರಮ್ಮಿನದು ಎಲ್ಲವೂ ಸಾಕಿದ್ದು, ಒಂಬತ್ತನೇ ದಿನವೇ ಕೊಟ್ಟಾಗಿದೆ. ಕೇರಿಯದು, ಅಂಗಳದಲ್ಲಿ ಹಿಡಿದ ಏಳು, ಸಾಕಿದ್ದು. ಬಯಲಲ್ಲಿ ಸಿಕ್ಕಿದ್ದು ನೂರ ಎಂಬತ್ತಾರು. ಬೀಡಾಡಿ. ವಾರಸುದಾರರಿಲ್ಲ.

ಮೊದಲು ಅರ್ಥವಾದದ್ದು ಗಂಟ್ಲಕ್ಕನಿಗೆ. ಒದ್ದೆ ಸೀರೆಯಲ್ಲೇ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು.

"ಕರೆದ್ರೆ ಬರೋ ಹಂದಿ ಬೀಡಾಡಿ ಹೆಂಗಾಗುತ್ತೆ ಸಾಹೇಬ್ರೇ?"

"ಎಲ್ಲಿ ಸಿಕ್ತು ಅನ್ನೋದೇ ಲೆಕ್ಕಮ್ಮ. ಮನೇಲಿ ಸಿಕ್ರೆ ಮನೇದು. ಬಯಲಲ್ಲಿ ಸಿಕ್ರೆ ಯಾರದೂ ಅಲ್ಲ. ನಿಯಮ ಹಂಗಿದೆ."

"ಬಯಲಿಗೆ ಕರೆಸಿದ್ದು ನೀವು."

ಸಾಹೇಬರು ಕೋಪ ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಕರೀಲಿಲ್ವಲ್ಲಮ್ಮ. ಕರೆದಿದ್ದು ನೀನು."

ಆ ಮಾತನ್ನು ಅವಳು ಹೊತ್ತುಕೊಂಡು ಕೇರಿಗೆ ಬಂದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಲ್ಲಿಯ ಹತ್ತಿರ ಅವಳು ಬಂದರೆ ಕೊಡ ಸರಿಸಿ ಜಾಗ ಬಿಟ್ಟರು, ಮಾತು ನಿಲ್ಲಿಸಿದರು. ಪಕ್ಕದ ಮನೆಯವಳು ಮಾತ್ರ ಒಂದು ದಿನ ಬಟ್ಟೆ ಹಿಂಡುತ್ತಾ, ಅವಳ ಮುಖ ನೋಡದೆ ಹೇಳಿದಳು. "ನೀನು ಸುಮ್ನಿದ್ದಿದ್ರೆ ಅವ್ರು ನಮ್ ಅಂಗಳಕ್ಕೇ ಬಂದು ಹಿಡೀಬೇಕಾಗಿತ್ತು ಕಣಕ್ಕ. ಅಷ್ಟೇ ನಾನು ಹೇಳೋದು." ಮೇಸ್ತ್ರಿ, ತಾನೇ ಬಾಯಿ ಬಿಟ್ಟದ್ದು ಅಂತ ಯಾರಿಗೂ ನೆನಪು ಮಾಡಲಿಲ್ಲ.

ಗುಂಡಿ ಮುಚ್ಚಿ ಎರಡು ತಿಂಗಳಿಗೆ ಜೀಪು ಮತ್ತೆ ಬಂತು. ಈ ಸಲ ಸಾಹೇಬರು ನೇರ ಗಂಟ್ಲಕ್ಕನ ಮನೆಗೆ ಬಂದರು. ಬಗ್ಗಿ ಒಳಗೆ ಬಂದರು. ಚಾಪೆಯ ಮೇಲೆ ಕೂತರು. ಅಕ್ಕ ಅಂದರು.

"ಕಾಲುವೆ ಆಚೆ ಕಲ್ಲು ಒಡೆಯೋರ ಕೇರಿಗೆ ಕಾಯಿಲೆ ಬಂದಿದೆಯಕ್ಕ. ಅಲ್ಲೂ ಎಲ್ಲ ಬಿಟ್ಟು ಮೇಯಿಸೋ ಹಂದಿಗಳೇ. ಮೊದಲು ಇಲ್ಲಿಂದ ಹೋದ ಮರಿಗಳೇ ತಾನೇ ಎಲ್ಲ. ನಿನ್ ದನಿ ಗೊತ್ತು ಅವಕ್ಕೆ. ಒಂದು ಸಲ ಬಂದು ಕರೆದ್ಬಿಡು."

"ಆಮೇಲೆ?"

"ನಿನ್ನವು ಹನ್ನೊಂದು ಇದ್ವಲ್ಲ, ಅವನ್ನ ಸಾಕಿದ್ದು ಅಂತ ಬದಲಾಯಿಸ್ತೀನಿ. ಅದು ನನ್ ಕೈಲಿದೆ. ನಿನ್ ಕೇರಿಯವರದೂ ಇನ್ನೊಂದು ಸಲ ನೋಡೋಣ."

ಬಾಗಿಲಲ್ಲಿ ಕೇರಿಯೆಲ್ಲ ಸೇರಿತ್ತು. ಎಲ್ಲರಿಗೂ ಕೇಳಿಸಿತು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಹೋಗಿ ಬಾರಮ್ಮ. ಒಂದು ಕೂಗಿನ ಕೆಲಸ. ನಲವತ್ಮೂರು ಮನೆ ಒಲೆ ನಿನ್ ಬಾಯಲ್ಲಿದೆ."

"ಅಲ್ಲಿಯೋರ ಒಲೆ?" ಅಂದಳು ಅವಳು.

"ಅವ್ರೇನು ನಮ್ಮೋರಾ?"

ಮೂಲೆಯಲ್ಲಿ ಮಲಗಿದ್ದ ಗಂಡ ಕಂಬಳಿಯೊಳಗಿಂದ ಮುಖ ಹೊರಗೆ ಹಾಕಿದ. "ಹೋಗು ಅಂತ ನಾನು ಹೇಳಲ್ಲ. ಹೋಗ್ಬೇಡ ಅನ್ನೋಕೆ ನನ್ ಹತ್ರ ಏನೂ ಇಲ್ಲ" ಅಂದು ಮತ್ತೆ ಮುಖ ಮುಚ್ಚಿಕೊಂಡ. ಅವನ ಕಾಲಿನ ಗಾಯದ ವಾಸನೆ ಮನೆಯೆಲ್ಲ ಹರಡಿತ್ತು. ಆಸ್ಪತ್ರೆಗೆ ಹೋಗಬೇಕಿತ್ತು. ಹನ್ನೊಂದು ಹಂದಿಯ ಬೆಲೆಯಲ್ಲಿ ಆಸ್ಪತ್ರೆಗೆ ಹೋಗಿ ಬರಬಹುದಿತ್ತು.

ಅವಳು ಜೀಪು ಹತ್ತಿದಳು. ಏನು ಮಾಡುತ್ತೇನೆ ಅಂತ ಅವಳಿಗೇ ಗೊತ್ತಿರಲಿಲ್ಲ. ಕರೆದುಬಿಡಬಹುದು ಅಂತಲೂ ಅನ್ನಿಸಿತ್ತು. ಸೇತುವೆ ದಾಟುವಾಗ ಪಕ್ಕ ಕೂತಿದ್ದ ಡಾಕ್ಟ್ರಮ್ಮನನ್ನು ಕೇಳಿದಳು.

"ಹಂದಿನ ಅವರವರ ಮನೇಲೇ ಕಟ್ಟಿ, ಅಲ್ಲೇ ಚುಚ್ಚಿದ್ರೆ ಕಾಯಿಲೆ ಹೆಚ್ಚಾಗುತ್ತಾ?"

ಡಾಕ್ಟ್ರಮ್ಮ ದನಿ ತಗ್ಗಿಸಿದರು. "ಇಲ್ಲ. ಕಮ್ಮಿ ಆಗುತ್ತೆ. ಒಂದೇ ಕಡೆ ಸೇರಿಸೋದೇ ತಪ್ಪು."

"ಮತ್ತೆ ನಮ್ಮವನ್ನ ಯಾಕೆ ಸೇರಿಸಿದ್ರಿ?"

"ಮನೆ ಮನೆಗೆ ಹೋದ್ರೆ ಐದು ದಿನ ಬೇಕು. ದುಡ್ಡು ಮೂರು ದಿನದ್ದು."

ಮುಂದಿನ ಸೀಟಿನಲ್ಲಿ ಕೂತಿದ್ದ ಸಾಹೇಬರು ತಿರುಗಿ ನೋಡಿದರು.

ಕಲ್ಲು ಒಡೆಯುವವರ ಕೇರಿ ಬಿಳಿ ಧೂಳಿನಲ್ಲಿತ್ತು. ಮನೆ ಮೇಲೆ ಧೂಳು, ಎಲೆ ಮೇಲೆ ಧೂಳು, ಜನರ ಹುಬ್ಬಿನ ಮೇಲೆ ಧೂಳು. ಕೇರಿಯ ಆಚೆ ಬಯಲಲ್ಲಿ ಗುಂಡಿ ಆಗಲೇ ಸಿದ್ಧವಾಗಿತ್ತು. ಸುಣ್ಣದ ಚೀಲ ಜೋಡಿಸಿತ್ತು. ರಾಡುಗಳನ್ನು ಸಾಲಾಗಿ ಮಲಗಿಸಿದ್ದರು. ಬಲೆಯವರು ಬೀಡಿ ಸೇದುತ್ತಾ ಕಾದಿದ್ದರು. ಜನ ಕೆಲಸ ಬಿಟ್ಟು ಬಂದು ನಿಂತಿದ್ದರು, ಸುತ್ತಿಗೆ ಕೈಯಲ್ಲೇ ಇತ್ತು. ಉಗುರು ಒಡೆದ ಕೈಯ ಒಬ್ಬಳು ಹೆಂಗಸು ಮುಂದೆ ಬಂದು ಗಂಟ್ಲಕ್ಕನ ಮುಖ ನೋಡಿದಳು.

"ಆಚೆ ಕೇರಿಯೋಳಲ್ವಾ ನೀನು? ನಿಮ್ ಅತ್ತೆ ಹತ್ರ ನಾನು ಎರಡು ಮರಿ ತಗೊಂಡಿದ್ದೆ. ಈಗ ಆರಾಗಿವೆ. ದುಡ್ಡು ಕೊಡ್ತಾರಂತಲ್ಲಕ್ಕ, ನಿಮ್ಗೆ ಕೊಟ್ರಾ?"

ಉತ್ತರ ಹೇಳುವ ಮೊದಲೇ ಸಾಹೇಬರು ಮೈಕು ತಂದು ಅವಳ ಕೈಗಿಟ್ಟರು. "ಗುಂಡಿ ಹತ್ರ ಹೋಗಿ ನಿಂತು ಕರಿ. ಹೊತ್ತಾಗ್ತಿದೆ."

ಮೈಕು ಹಗುರವಾಗಿತ್ತು. ಅವಳು ಅದನ್ನು ನೆಲದ ಮೇಲಿಟ್ಟಳು.

"ಕರೆಯಲ್ಲ."

"ಏನು?"

"ಕರೆಯಲ್ಲ ಸಾಹೇಬ್ರೇ. ಮನೆ ಮನೆಗೆ ಹೋಗಿ. ಹೆಸರು ಬರ್ಕೊಂಡು ಅಲ್ಲೇ ಚುಚ್ಚಿ. ಡಾಕ್ಟ್ರಮ್ಮನೇ ಹೇಳಿದ್ರು ಅದು ಸರಿ ಅಂತ."

"ನಿನ್ ಹನ್ನೊಂದು ಹಂದಿ?"

"ಅವು ಗುಂಡೀಲಿವೆ."

"ನಿನ್ ಕೇರಿಯವರ ಕಡತ ನಾನು ಮುಚ್ಚಿಬಿಡ್ತೀನಿ. ಅವ್ರಿಗೆ ಏನಂತ ಮುಖ ತೋರಿಸ್ತೀಯ?"

ಅವಳು ಸಾಹೇಬರನ್ನು ಬಿಟ್ಟು ಜನರ ಕಡೆ ತಿರುಗಿದಳು.

"ನಮ್ಗೆ ಕೊಡಲಿಲ್ಲ" ಅಂದಳು. ದನಿ ಏಳಲಿಲ್ಲ. ಹಿಂದೆ ನಿಂತವರು "ಏನಂದ್ಲು?" ಅಂದರು. ಆಗ ಹೊಟ್ಟೆಯಿಂದ ಎಳೆದು ಕೂಗಿದಳು. "ನಮ್ಗೆ ಕೊಡಲಿಲ್ಲ! ಬಯಲಲ್ಲಿ ಸಿಕ್ಕಿದ್ದು ಯಾರದೂ ಅಲ್ಲ ಅಂದ್ಬಿಟ್ರು. ಹಂದಿನ ಮನೇಲಿ ಕಟ್ಕೊಳ್ಳಿ. ಅಂಗಳದಲ್ಲಿ ಕಟ್ಟಿ. ಬಯಲಿಗೆ ಬಿಡಬೇಡಿ. ಕಟ್ಟಿ, ಕಟ್ಟಿ..."

ಎರಡು ತಿಂಗಳು ನುಂಗಿದ್ದ ದನಿ. ಬಂಡೆಗೆ ಬಡಿದು ತಿರುಗಿ ಬಂತು.

ಮತ್ತು ಹಂದಿಗಳು ಬಂದವು.

ಮೊದಲು ಕ್ವಾರಿಯ ನೀರಿನ ಹೊಂಡದಿಂದ ಎರಡು. ಆಮೇಲೆ ಜಲ್ಲಿ ರಾಶಿಯ ಹಿಂದಿನಿಂದ ಒಂದು ಹಿಂಡು. ಅವಳು ಏನು ಹೇಳುತ್ತಿದ್ದಾಳೆ ಅಂತ ಅವಕ್ಕೆ ಗೊತ್ತಿರಲಿಲ್ಲ. ದನಿ ಮಾತ್ರ ಗೊತ್ತಿತ್ತು. ಬಿಳಿ ಧೂಳು ಮೆತ್ತಿದ ಹಂದಿಗಳು. ನೆಲದೊಳಗಿಂದ ಸುಣ್ಣ ಕೊಡವಿಕೊಂಡು ಎದ್ದು ಬಂದಂತಿದ್ದವು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ಇನ್ನೂ ಬರುತ್ತಲೇ ಇದ್ದವು.

ಸಾಹೇಬರು ನಕ್ಕರು. "ಬಂದ್ವಲ್ಲಕ್ಕ" ಅಂದರು. ಬಲೆಯವರಿಗೆ ಕೈ ಮಾಡಿದರು.

ಬಲೆಯವರು ಎರಡು ಬದಿಯಿಂದ ಬಿಚ್ಚತೊಡಗಿದರು. ಅವಳ ಎದುರಿಗೆ ಗುಂಡಿ, ಬೆನ್ನ ಹಿಂದೆ ಕೇರಿಯ ಓಣಿ. ಅವಳು ಬಾಯಿ ಮುಚ್ಚಿಕೊಂಡೇ ತಿರುಗಿ ಓಣಿಯೊಳಗೆ ನಡೆದಳು. ಓಡಲಿಲ್ಲ. ಓಡಿದರೆ ಹಂದಿ ಬೆದರುತ್ತದೆ. ಬಾನಿಯ ಕಡೆ ನಡೆಯುವ ನಡಿಗೆಯಲ್ಲೇ ನಡೆದಳು. ಹಂದಿಗಳು ಹಿಂದೆ ಬಂದವು. ಬಲೆ ಬಿಚ್ಚುವಷ್ಟರಲ್ಲಿ ಮುಕ್ಕಾಲು ಪಾಲು ಓಣಿಯೊಳಗೆ ನುಗ್ಗಿದ್ದವು, ಮಿಕ್ಕವು ಅವುಗಳ ಹಿಂದೆ ಓಡಿದವು.

ಮೊದಲ ಬಾಗಿಲಲ್ಲಿ ನಿಂತಳು. ಉಗುರು ಒಡೆದ ಕೈಯವಳು ಹಿಂದೆಯೇ ಓಡಿ ಬಂದಿದ್ದಳು.

"ಯಾವುದು ನಿನ್ನದು?" ಗಂಟ್ಲಕ್ಕ ಪಿಸುಗುಟ್ಟಿದಳು.

"ಆ ಕಿವಿ ಹರಿದಿದ್ದು. ಅದರ ಹಿಂದಿನವು ಐದು."

"ಒಳಗೆ ಹಾಕ್ಕೊ. ಬಾಗಿಲು ಹಾಕು. ಹೆಸರು ಬರೆಯೋತನಕ ತೆಗೀಬೇಡ."

ಎರಡನೇ ಬಾಗಿಲು. ಮೂರನೇದು. ಪ್ರತಿ ಮನೆಯ ಮುಂದೂ ಯಾರೋ ಕೈ ಚಾಚಿ ಕಿವಿ ಹಿಡಿದು, ಕಾಲು ಹಿಡಿದು ತಮ್ಮದನ್ನು ಎಳೆದುಕೊಂಡರು. ಹಂದಿಗಳು ಅರಚಿದವು. ಒಬ್ಬ ಮುದುಕ ಮಂಚದಿಂದ ಇಳಿದು ತನ್ನ ಹಂದಿಯ ಮೈ ಮೇಲೆ ಅಡ್ಡ ಬಿದ್ದು ಹಿಡಿದ. ತಮ್ಮ ಮನೆಗೆ ಸಾವನ್ನು ತಾವೇ ಎಳೆದುಕೊಳ್ಳುತ್ತಿದ್ದೇವೆ ಅಂತ ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಎಳೆದುಕೊಂಡರು.

ಬಲೆಯವರು ಓಣಿಯ ಬಾಯಿಗೆ ಬಂದರು. ಅಲ್ಲಿ ಕಲ್ಲು ಒಡೆಯುವ ಗಂಡಸರು ನಿಂತಿದ್ದರು. ಯಾರೂ ಸುತ್ತಿಗೆ ಎತ್ತಲಿಲ್ಲ. ಕೆಳಗೆ ಇಡಲೂ ಇಲ್ಲ.

"ಡಾಕ್ಟ್ರೇ, ಏನು ನೋಡ್ತಾ ನಿಂತಿದ್ದೀರಿ?" ಸಾಹೇಬರು ಕಿರುಚಿದರು. "ಗಡುವು ಮೀರಿದ್ರೆ ದುಡ್ಡು ವಾಪಸ್ ಹೋಗುತ್ತೆ."

ಡಾಕ್ಟ್ರಮ್ಮ ಜೀಪಿನಿಂದ ಪೆಟ್ಟಿಗೆ ಇಳಿಸಿಕೊಂಡರು. "ನಾನು ಬಯಲಲ್ಲಿ ಚುಚ್ಚಲ್ಲ" ಅಂದರು. "ಮನೇಲಿ ಚುಚ್ತೀನಿ. ಬರೆಯೋರು ಬೇಕು. ನೀವು ಬರ್ತೀರೋ, ಗುಮಾಸ್ತನ್ನ ಕಳಿಸ್ತೀರೋ?"

ಸಾಹೇಬರು ಒಂದಷ್ಟು ಹೊತ್ತು ಫೋನು ಹಿಡಿದು ಅತ್ತಿತ್ತ ಓಡಾಡಿದರು. ಆ ಕಡೆಯಿಂದ ಯಾರು ಏನಂದರೋ ಗೊತ್ತಿಲ್ಲ. ಆಮೇಲೆ ಪುಸ್ತಕ ತೆಗೆದುಕೊಂಡು ಬಂದರು. ಮೊದಲ ಮನೆಯಲ್ಲಿ ಉಗುರು ಒಡೆದ ಕೈಯವಳು ಬಾಗಿಲು ತೆರೆಯದೆ ಒಳಗಿನಿಂದಲೇ ತನ್ನ ಹೆಸರು ಹೇಳಿದಳು. ಅಪ್ಪನ ಹೆಸರು ಹೇಳಿದಳು. ಆರು ಅಂದಳು. "ಓದಿ ಹೇಳಿ" ಅಂದಳು. ಸಾಹೇಬರು ಓದಿದರು. ಆಗ ಚಿಲಕ ತೆಗೆದಳು.

ಒಳಗೆ ಚುಚ್ಚಿ ಮುಗಿದ ಮೇಲೆ ಅವಳು ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಗಂಟ್ಲಕ್ಕನನ್ನು ನೋಡಿದಳು. ಆ ನೋಟದಲ್ಲಿ ಉಪಕಾರ ಸ್ಮರಣೆ ಇರಲಿಲ್ಲ. "ಇನ್ಮೇಲೆ ಈ ಕಡೆ ಬರಬೇಡ" ಅಂದಳು. ಗಂಟ್ಲಕ್ಕ ಆಗಲಿ ಎಂಬಂತೆ ತಲೆ ಆಡಿಸಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಓಣಿಯ ಕೊನೆ ಬಂತು. ಹದಿನಾರು ಮನೆ ಆಗಿತ್ತು. ಮಿಕ್ಕ ಮನೆಗಳು ನಾಳೆಗೆ, ನಾಡಿದ್ದಿಗೆ. ಎಲ್ಲರ ಹಂದಿಯೂ ಅವರವರ ಮನೆ ಸೇರಿತ್ತು. ಒಂದು ಮಾತ್ರ ಉಳಿದಿತ್ತು. ಬಡಕಲು ಹೆಣ್ಣು ಹಂದಿ, ಬೆನ್ನ ಮೇಲೆ ಹಳೇ ಗಾಯ. ಯಾರೂ ತಮ್ಮದು ಅನ್ನಲಿಲ್ಲ. ಗಂಟ್ಲಕ್ಕನ ಕೇರಿಯಿಂದಲೇ ಕಾಲುವೆ ಈಜಿ ತಪ್ಪಿಸಿಕೊಂಡು ಬಂದದ್ದೋ, ಎಲ್ಲಿಂದಲೋ ಬಂದದ್ದೋ. ಗಂಟ್ಲಕ್ಕ ಬಗ್ಗಿ ನೋಡಿದಳು. ಅವಳಿಗೂ ಗುರುತು ಹತ್ತಲಿಲ್ಲ. ಅದು ಅವಳ ಮೀನಖಂಡಕ್ಕೆ ಮೂತಿ ಒತ್ತಿ ನಿಂತಿತ್ತು. ಮೂತಿ ಬಿಸಿಯಾಗಿತ್ತು, ಕಿವಿಯ ತುದಿ ನೀಲಿಯಾಗಿತ್ತು.

"ಇದು ಬೀಡಾಡಿ ತಾನೇ?" ಸಾಹೇಬರು ಕೇಳಿದರು. ಬೆವರು ಒರೆಸಿಕೊಂಡು ಪುಸ್ತಕ ಮಡಚಿದರು. "ಇದನ್ನಾದ್ರೂ ಬಯಲಿಗೆ ತಗೊಂಡು ಹೋಗ್ತಾರೆ, ಬಿಡು."

"ನಂದು" ಅಂದಳು ಗಂಟ್ಲಕ್ಕ.

"ನಿನ್ನವು ಹನ್ನೊಂದೂ ಹೋದ್ವಲ್ಲ?"

"ನಿಮ್ ಪಟ್ಟೀಲಿ ನಂದು ಒಂದೂ ಇಲ್ಲ ಸಾಹೇಬ್ರೇ. ಇದು ಒಂದನೇದು. ಬರ್ಕೊಳ್ಳಿ."

"ನಿಂಗೆ ಇಲ್ಲಿ ಮನೆ ಎಲ್ಲಿದೆ?"

ಮಂಚದಿಂದ ಇಳಿದಿದ್ದ ಮುದುಕ ತನ್ನ ಅಂಗಳದಿಂದಲೇ ಕೆಮ್ಮಿದ. "ಇಲ್ಲಿ ಕಟ್ಟು ತಾಯಿ. ಗೂಟ ಖಾಲಿಯಾಗಿದೆ."

ಅವಳು ಹಂದಿಯನ್ನು ಅಂಗಳಕ್ಕೆ ನಡೆಸಿಕೊಂಡು ಹೋಗಿ ಗೂಟಕ್ಕೆ ಕಟ್ಟಿದಳು. ಮಂಡಿಯೂರಿ ಕೂತು ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕಿವಿ ಹಿಡಿದಳು. ಅದು ಒದ್ದಾಡಲಿಲ್ಲ. ಡಾಕ್ಟ್ರಮ್ಮ ಎದುರಿಗೆ ಕೂತು ಸೂಜಿ ತೆಗೆದರು. ಸಾಹೇಬರು ಹೊಸ್ತಿಲ ಆಚೆ ಮಡಚಿದ ಪುಸ್ತಕ ಹಿಡಿದು ನಿಂತೇ ಇದ್ದರು.

"ಇರಿ ಡಾಕ್ಟ್ರಮ್ಮ" ಅಂದಳು ಗಂಟ್ಲಕ್ಕ. "ಅವರು ಬರೆಯೋತನಕ ಚುಚ್ಚಬೇಡಿ."